ಆಕ್ಸಲ್ ಬದಲಾಯ್ತು, ಎಬಿಎಸ್‌ಗೆ ಗೊತ್ತಾಯ್ತಾ?

ಹಿಂದಿನ ಆಕ್ಸಲ್ ಬದಲಿಸೋದು ಅಂದ ತಕ್ಷಣ ನಮ್ಮ ಕಣ್ಮುಂದೆ ಬರೋದು ಜಾಕ್, ಸ್ಪ್ಯಾನರ್, ವೆಲ್ಡಿಂಗ್. ಗೇರ್ ರೇಶಿಯೋ ಎಷ್ಟು, ಶಾಫ್ಟ್ ಎಷ್ಟು ಗಟ್ಟಿ, ವೀಲ್ ಬೋಲ್ಟ್ ಕೂರುತ್ತಾ? ಇಷ್ಟು ನೋಡಿದರೆ ಮುಗೀತು ಅನ್ನಿಸುತ್ತೆ. ಗಾಡಿ ಓಡುತ್ತೆ ಕೂಡ. ಲೆಕ್ಕ ತಪ್ಪಿದ್ದು ಗೊತ್ತಾಗೋದು ಮೊದಲ ಮಳೆಯಲ್ಲಿ, ಬ್ರೇಕ್ ಜೋರಾಗಿ ಒತ್ತಿದಾಗ. ಯಾಕೆ ಅಂತ ಈ ಲೇಖನದಲ್ಲಿ ನೋಡೋಣ.

ಒಂದು ನಿಜವಾದ ಉದಾಹರಣೆ ಇಟ್ಟುಕೊಳ್ಳೋಣ. ಅಮೆರಿಕದಲ್ಲಿ ಫೋರ್ಡ್ ಕಂಪನಿಯ '8.8' ಆಕ್ಸಲ್ ಗುಜರಿ ಅಂಗಡಿಗಳಲ್ಲಿ ಬಲು ಬೇಡಿಕೆಯ ಮಾಲು. 8.8 ಅಂದ್ರೆ ಒಳಗಿರೋ ರಿಂಗ್ ಗೇರಿನ ವ್ಯಾಸ, ಇಂಚುಗಳಲ್ಲಿ. 1995ರಿಂದ 2001ರವರೆಗಿನ ಎಕ್ಸ್‌ಪ್ಲೋರರ್ ಗಾಡಿಯಲ್ಲಿ ಇದು ಡಿಸ್ಕ್ ಬ್ರೇಕ್ ಮತ್ತು 31 ಸ್ಪ್ಲೈನ್ ಶಾಫ್ಟ್ ಜೊತೆಗೇ ಬರುತ್ತಿತ್ತು. 1994ರಿಂದ 2004ರವರೆಗಿನ ಮಸ್ಟಾಂಗ್ ಜಿಟಿ ಕಾರಿನಲ್ಲೂ ಇದೇ 8.8 ಇತ್ತು, ಆದರೆ ಸಾಮಾನ್ಯವಾಗಿ 28 ಸ್ಪ್ಲೈನ್ ಶಾಫ್ಟ್‌ಗಳ ಜೊತೆ. ಹೆಸರು ಒಂದೇ, ಗಾತ್ರ ಒಂದೇ. ಎಬಿಎಸ್ ಮಟ್ಟಿಗೆ ಮಾತ್ರ ಇವೆರಡೂ ಬೇರೆ ಬೇರೆ. ಮಸ್ಟಾಂಗ್‌ನಲ್ಲಿ ಹಿಂದಿನ ಪ್ರತಿ ಚಕ್ರಕ್ಕೂ ಒಂದೊಂದು ಸೆನ್ಸರ್. ಎಕ್ಸ್‌ಪ್ಲೋರರ್‌ನಲ್ಲಿ ಡಿಫರೆನ್ಷಿಯಲ್ ಮೇಲೆ ಒಂದೇ ಒಂದು. ಗುಜರಿಯಿಂದ ತಂದ ಆಕ್ಸಲ್‌ನ ಬ್ರಾಕೆಟ್ ಬದಲಿಸಿ ವೆಲ್ಡ್ ಮಾಡಿ ಕೂರಿಸಬಹುದು. ಆದರೆ ಕಾರಿನ ಕಂಪ್ಯೂಟರ್ ಎರಡು ಸಿಗ್ನಲ್ ಕೇಳುತ್ತೆ, ಆಕ್ಸಲ್ ಒಂದನ್ನೇ ಕೊಡುತ್ತೆ.

ಕಂಪ್ಯೂಟರ್‌ಗೆ ಗೊತ್ತಿರೋದು ಹಲ್ಲು ಮಾತ್ರ

ಎಬಿಎಸ್ ಕಂಪ್ಯೂಟರ್‌ಗೆ ಆಕ್ಸಲ್ ಕಾಣಿಸಲ್ಲ, ಚಕ್ರವೂ ಕಾಣಿಸಲ್ಲ. ಚಕ್ರದ ಜೊತೆ ತಿರುಗೋ ಹಲ್ಲಿನ ಉಂಗುರ, ಅಂದ್ರೆ ಟೋನ್ ರಿಂಗ್, ಸೆನ್ಸರ್ ಮುಂದೆ ಹಾದು ಹೋಗುತ್ತೆ. ಒಂದು ಹಲ್ಲಿಗೆ ಒಂದು ಪಲ್ಸ್. ಸೆಕೆಂಡಿಗೆ ಎಷ್ಟು ಪಲ್ಸ್ ಬಂತು ಅನ್ನೋದರಿಂದಲೇ ಅದು ವೇಗ ಲೆಕ್ಕ ಹಾಕುತ್ತೆ. ಉಂಗುರದಲ್ಲಿ ಎಷ್ಟು ಹಲ್ಲಿದೆ ಅನ್ನೋದು ಕಾರ್ಖಾನೆಯಲ್ಲೇ ಅದರ ತಲೆಗೆ ತುಂಬಿರುತ್ತೆ.

ಈಗ ಲೆಕ್ಕ ಮಾಡೋಣ. ಟೈರಿನ ಸುತ್ತಳತೆ 2 ಮೀಟರ್, ಉಂಗುರಕ್ಕೆ 48 ಹಲ್ಲು ಅಂತ ಇಟ್ಟುಕೊಳ್ಳಿ. ಗಂಟೆಗೆ 72 ಕಿ.ಮೀ. ಅಂದ್ರೆ ಸೆಕೆಂಡಿಗೆ 20 ಮೀಟರ್, 10 ಸುತ್ತು, 480 ಪಲ್ಸ್. ಹೊಸ ಆಕ್ಸಲ್‌ನ ಉಂಗುರಕ್ಕೆ 44 ಹಲ್ಲು ಇದ್ದರೆ? ಅದೇ ವೇಗದಲ್ಲಿ 440 ಪಲ್ಸ್. ಕಂಪ್ಯೂಟರ್ ಪ್ರಕಾರ ಹಿಂದಿನ ಚಕ್ರಗಳು 66 ಕಿ.ಮೀ. ವೇಗದಲ್ಲಿವೆ. ಬ್ರೇಕ್ ಮುಟ್ಟುವ ಮೊದಲೇ ಶೇ. 8ರಷ್ಟು ಸ್ಲಿಪ್ ಕಾಣುತ್ತಿದೆ!

ಒಣ ಡಾಂಬರು ರಸ್ತೆಯಲ್ಲಿ ಟೈರಿಗೆ ಹೆಚ್ಚಿನ ಹಿಡಿತ ಸಿಗೋದು ಸುಮಾರು ಶೇ. 10ರಿಂದ 30ರಷ್ಟು ಸ್ಲಿಪ್ ಇದ್ದಾಗ. ಬ್ರೇಕ್ ಒತ್ತಿದಾಗ ನಿಜವಾದ ಸ್ಲಿಪ್ ಶೇ. 10 ಇದ್ದರೆ ಈ ಕಾರಿನ ಕಂಪ್ಯೂಟರ್‌ಗೆ ಅದು ಶೇ. 17.5 ಆಗಿ ಕಾಣುತ್ತೆ. ಚಕ್ರ ಲಾಕ್ ಆಗ್ತಿದೆ ಅಂದುಕೊಂಡು ಅದು ಒತ್ತಡ ಬಿಡುತ್ತೆ. ಇನ್ನೂ ಹಿಡಿತ ಬಾಕಿ ಇರುವಾಗಲೇ ಹಿಂದಿನ ಬ್ರೇಕ್ ಕೈಕೊಟ್ಟ ಹಾಗಾಯ್ತು.

ಹಲ್ಲು ಹೆಚ್ಚಾದರೆ ಇನ್ನೊಂದು ತೊಂದರೆ. 52 ಹಲ್ಲಿದ್ದರೆ ಹಿಂದಿನ ಚಕ್ರ 78 ಕಿ.ಮೀ. ತೋರಿಸುತ್ತೆ. ಎಷ್ಟೋ ಎಬಿಎಸ್‌ಗಳು ಕಾರಿನ ವೇಗವನ್ನು ಅಂದಾಜು ಮಾಡೋದು ಹೆಚ್ಚು ವೇಗವಾಗಿ ತಿರುಗುವ ಚಕ್ರಗಳಿಂದ. ಹಾಗಾದಾಗ ಮುಂದಿನ ಚಕ್ರಗಳೇ ಜಾರುತ್ತಿರುವಂತೆ ಕಾಣುತ್ತವೆ. ಹಿಂದಿನವು ನಿಜವಾಗಿ ಲಾಕ್ ಆಗತೊಡಗಿದರೂ ಗೊತ್ತಾಗೋದು ತಡ.

ದೊಡ್ಡ ವ್ಯತ್ಯಾಸ ಇದ್ದರೆ ಕಂಪ್ಯೂಟರ್ ಸಿಟ್ಟಾಗಿ ದೀಪ ಹಚ್ಚುತ್ತೆ. ಚಿಕ್ಕ ವ್ಯತ್ಯಾಸಕ್ಕೆ ಸುಮ್ಮನಿರಬಹುದು, ಯಾಕಂದ್ರೆ ಸವೆದ ಟೈರು, ಸ್ಟೆಪ್ನಿ ಇವನ್ನೆಲ್ಲ ಅದು ಸಹಿಸಿಕೊಳ್ಳಲೇಬೇಕು. ಹಾಗಾಗಿ ದೀಪ ಆರಿದೆ ಅಂದ್ರೆ ಎಲ್ಲ ಸರಿಯಿದೆ ಅಂತ ಅರ್ಥ ಅಲ್ಲ.

ಗೇರ್ ರೇಶಿಯೋ ಬದಲಾದರೆ?

ಇದು ವೈವಾದಲ್ಲಿ ಕೇಳಬಹುದಾದ ಪ್ರಶ್ನೆ. ಉಂಗುರ ಚಕ್ರದ ಹತ್ತಿರ ಅಥವಾ ಡಿಫರೆನ್ಷಿಯಲ್ ಕೇಸ್ ಮೇಲೆ ಇದ್ದರೆ ಎಬಿಎಸ್‌ಗೆ ಏನೂ ಆಗಲ್ಲ, ಎರಡೂ ಫೈನಲ್ ಡ್ರೈವ್ ದಾಟಿದ ಮೇಲೆ ಬರುವ ಜಾಗಗಳು. ಸೆನ್ಸರ್ ಗೇರ್‌ಬಾಕ್ಸ್ ಔಟ್‌ಪುಟ್ ಮೇಲಿದ್ದರೆ ಮಾತ್ರ, 3.55 ತೆಗೆದು 4.10 ಹಾಕಿದಾಗ ಪಲ್ಸ್ ಶೇ. 15ಕ್ಕೂ ಹೆಚ್ಚು ಏರುತ್ತೆ. ಸ್ಪೀಡೋಮೀಟರ್ ಅಲ್ಲಿಂದ ಸಿಗ್ನಲ್ ತಗೊಂಡರೆ ಅದೂ ಸುಳ್ಳು ಹೇಳುತ್ತೆ.

ಸೆನ್ಸರ್‌ನಲ್ಲೂ ಎರಡು ಜಾತಿ

ಹಳೆಯದು ಆಯಸ್ಕಾಂತ ಮತ್ತು ಕಾಯಿಲ್‌ನ ಪ್ಯಾಸಿವ್ ಸೆನ್ಸರ್. ತನ್ನ ವೋಲ್ಟೇಜ್ ತಾನೇ ಹುಟ್ಟಿಸುತ್ತೆ, ವೇಗ ಕಡಿಮೆಯಾದರೆ ವೋಲ್ಟೇಜೂ ಕಡಿಮೆ. ಉಂಗುರಕ್ಕೂ ಇದಕ್ಕೂ ನಡುವೆ ಸುಮಾರು 1 ಮಿ.ಮೀ. ಅಂತರ. ಅದು ಹೆಚ್ಚಾದರೆ ನಿಧಾನ ವೇಗದಲ್ಲಿ ಸಿಗ್ನಲ್ ಕಾಣೆ. ಹೊಸದು ಆಕ್ಟಿವ್ ಸೆನ್ಸರ್. ಇದಕ್ಕೆ ಕಂಪ್ಯೂಟರ್‌ನಿಂದ ವೋಲ್ಟೇಜ್ ಬೇಕು, ಚೌಕಾಕಾರದ ಸಿಗ್ನಲ್ ಕೊಡುತ್ತೆ, ಚಕ್ರ ಬಹುತೇಕ ನಿಂತಾಗಲೂ ಕೆಲಸ ಮಾಡುತ್ತೆ. ಎರಡಕ್ಕೂ ವೈರ್ ಎರಡೇ ಇರಬಹುದು, ಕನೆಕ್ಟರ್ ಕೂರಲೂಬಹುದು. ಆದರೆ ಒಂದರ ಜಾಗಕ್ಕೆ ಇನ್ನೊಂದು ನಡೆಯಲ್ಲ.

ಹಾಗಾದ್ರೆ ಸರಿಯಾದ ದಾರಿ ಯಾವುದು? ಆಕ್ಸಲ್ ಯಾವುದೇ ಬರಲಿ, ಹಲ್ಲಿನ ಸಂಖ್ಯೆ, ಸೆನ್ಸರ್ ಜಾತಿ, ಸೆನ್ಸರ್ ಎಷ್ಟು ಅನ್ನೋದು ಹಳೆಯದರಂತೆಯೇ ಇರಬೇಕು. ಮಸ್ಟಾಂಗ್ ಕಾರಿಗೆ ಎಬಿಎಸ್ ಇರುವ ಮಸ್ಟಾಂಗ್‌ನ ಆಕ್ಸಲ್ಲೇ ಹುಡುಕೋದು ಸುಲಭ. ಇಲ್ಲದಿದ್ದರೆ ಹೊಸ ಶಾಫ್ಟ್ ಮೇಲೆ ಅದೇ ಹಲ್ಲಿನ ಉಂಗುರವನ್ನು ಪ್ರೆಸ್ ಮಾಡಿಸಿ, ಸೆನ್ಸರ್‌ಗೆ ಅಲುಗಾಡದ ಬ್ರಾಕೆಟ್ ಮಾಡಿಸಬೇಕು. ಒಂದೇ ಸೆನ್ಸರ್‌ನ ವೈರ್ ಸೀಳಿ ಎರಡೂ ಕಡೆಗೆ ಕೊಡುವ ಜುಗಾಡ್ ಬೇಡ. ಡಿಫರೆನ್ಷಿಯಲ್ ಕೇಸ್ ತಿರುಗೋದು ಎರಡು ಚಕ್ರಗಳ ಸರಾಸರಿ ವೇಗದಲ್ಲಿ. ಜಾರುತ್ತಿರೋದು ಎಡಗಡೆಯದೋ ಬಲಗಡೆಯದೋ ಕಂಪ್ಯೂಟರ್‌ಗೆ ಗೊತ್ತಾಗಲ್ಲ.

'ಫ್ಯೂಸ್ ತೆಗೆದುಬಿಡು ಗುರು'

ಈ ಸಲಹೆ ಎಲ್ಲಾ ಕಡೆ ಸಿಗುತ್ತೆ. ಎಬಿಎಸ್ ಇಲ್ಲದ ಕಾರು ಓಡಿಲ್ವಾ ಅಂತ. ಆದರೆ ಹಳೆಯ ಕಾರುಗಳಲ್ಲಿ ಹಿಂದಿನ ಬ್ರೇಕ್ ಒತ್ತಡ ತಗ್ಗಿಸೋಕೆ ಪ್ರಪೋರ್ಷನಿಂಗ್ ವಾಲ್ವ್ ಇರುತ್ತಿತ್ತು. ಈಗಿನ ಬಹಳಷ್ಟು ಕಾರುಗಳಲ್ಲಿ ಆ ಕೆಲಸವನ್ನು ಇಬಿಡಿ ಮಾಡುತ್ತೆ, ಅದೇ ಎಬಿಎಸ್ ಸೆನ್ಸರ್‌ಗಳನ್ನು ನಂಬಿಕೊಂಡು. ಫ್ಯೂಸ್ ತೆಗೆದರೆ ಎರಡೂ ಹೋಯ್ತು. ಜೋರು ಬ್ರೇಕಿನಲ್ಲಿ ಭಾರ ಮುಂದಕ್ಕೆ ಬರುತ್ತೆ, ಹಗುರಾದ ಹಿಂದಿನ ಚಕ್ರಗಳು ಮೊದಲು ಲಾಕ್ ಆಗುತ್ತವೆ, ಕಾರು ಬುಗುರಿಯಂತೆ ತಿರುಗುತ್ತೆ. ಡ್ರಮ್ ತೆಗೆದು ದೊಡ್ಡ ಡಿಸ್ಕ್ ಹಾಕಿದ್ದರಂತೂ ಅಪಾಯ ಇನ್ನೂ ಹೆಚ್ಚು.

ಪರೀಕ್ಷೆ ಹೀಗಿರಲಿ. ಗಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಪ್ಯಾಸಿವ್ ಸೆನ್ಸರ್‌ಗೆ ಮಲ್ಟಿಮೀಟರ್‌ನ ಎಸಿ ವೋಲ್ಟೇಜ್ ಇಟ್ಟು ಚಕ್ರ ಕೈಯಲ್ಲಿ ತಿರುಗಿಸಿ. ಆಮೇಲೆ ಸ್ಕ್ಯಾನರ್ ಹಾಕಿ ನೇರ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ. ನಾಲ್ಕೂ ಚಕ್ರಗಳ ವೇಗ ಒಂದೇ ಸಮ ಬರಬೇಕು, ಗಾಡಿ ನಿಲ್ಲುವ ಹೊತ್ತಿಗೂ ಯಾವುದೂ ಬೇಗ ಸೊನ್ನೆಗೆ ಬೀಳಬಾರದು. ಕೊನೆಗೆ ಖಾಲಿ ಮೈದಾನದಲ್ಲಿ, ಕಡಿಮೆ ವೇಗದಲ್ಲಿ ಬ್ರೇಕ್ ಹಾಕಿ ನೋಡಿ.

ನಮ್ಮ ದೇಶದಲ್ಲಿ ಆಕ್ಸಲ್ ಬದಲಿಸೋ ಆಸೆ ಇದ್ದರೆ ಮೋಟಾರು ವಾಹನ ಕಾಯ್ದೆ, 1988ರ ಕಲಂ 52 ಮೊದಲು ಓದಿ. ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ಗಾಡಿ ಬದಲಿಸಲು ಅದು ಬಿಡಲ್ಲ. ಆದರೂ ಈ ಪಾಠ ನಮಗೆ ಬೇಕು. ಮನೆಯ ಕಾರಿನ ವೀಲ್ ಬೇರಿಂಗ್ ಬದಲಿಸಿದ ಮೇಲೆ ಎಬಿಎಸ್ ದೀಪ ಹತ್ತಿದೆಯಾ? ಈಗಿನ ಎಷ್ಟೋ ಬೇರಿಂಗ್‌ಗಳಲ್ಲಿ ಹಲ್ಲಿನ ಬದಲು ಸೀಲ್‌ನಲ್ಲೇ ಕಾಂತೀಯ ಉಂಗುರ ಇರುತ್ತೆ. ಬೇರಿಂಗನ್ನು ಉಲ್ಟಾ ಕೂರಿಸಿದರೂ ಚಕ್ರ ಚೆನ್ನಾಗೇ ತಿರುಗುತ್ತೆ, ಸೆನ್ಸರ್‌ಗೆ ಮಾತ್ರ ಏನೂ ಕಾಣಿಸಲ್ಲ. ಗ್ಯಾರೇಜಿನಲ್ಲಿ ದೀಪದ ಬಲ್ಬ್ ಕಿತ್ತು ಕಳಿಸೋ ಮೊದಲು, ಉಂಗುರ ಯಾವ ಕಡೆ ಇದೆ ಅಂತ ನೀವೇ ಕೇಳಿ.