ಕುರ್ಚಿ ಬಿಟ್ಟರೂ ಕೆಲಸ ಬಿಡದ ಕಮಲಾದೇವಿ

ಮಹಿಳಾ ಸಮಾಜಕ್ಕೋ ಸ್ತ್ರೀಶಕ್ತಿ ಸಂಘಕ್ಕೋ ಒಮ್ಮೆ ಅಧ್ಯಕ್ಷೆಯಾದವರ ಪಾಡು ನಿಮಗೆ ಗೊತ್ತೇ ಇದೆ. ಮೊದಲ ಎರಡು ವರ್ಷ ಹುರುಪೋ ಹುರುಪು. ಆಮೇಲೆ ಬ್ಯಾಂಕಿಗೆ ಓಡುವವರೂ ಅವರೇ, ಬೀಗದ ಕೈ ಇಟ್ಟುಕೊಳ್ಳುವವರೂ ಅವರೇ. ಹತ್ತು ವರ್ಷ ಕಳೆಯುವಷ್ಟರಲ್ಲಿ ಮನೆಯವರಿಗೆ ಬೇಸರ, ಸದಸ್ಯೆಯರಲ್ಲಿ ಗುಸುಗುಸು, ಅವರಿಗೇ ಸಾಕುಸಾಕು. ಹಾಗಾದರೆ ಬಿಟ್ಟುಬಿಡಿ ಅಂದರೆ, ಬಿಡೋಕೂ ಮನಸ್ಸಿಲ್ಲ!

ಇಂಥವರನ್ನು ಕಂಡಾಗಲೆಲ್ಲ ನನಗೆ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರ ನೆನಪಾಗುತ್ತೆ. ಅರವತ್ತು ವರ್ಷ ಮುಂದಾಳಾಗಿದ್ದ ಹೆಂಗಸು. ಹುಟ್ಟಿದ್ದು 1903ರಲ್ಲಿ. ಎಳೆಯ ವಯಸ್ಸಿಗೇ ಮದುವೆ, ಹಿಂದೆಯೇ ವೈಧವ್ಯ. ಆಮೇಲೆ ಓದು, ಮರುಮದುವೆ, ಒಬ್ಬ ಮಗ. ಆ ದಾಂಪತ್ಯವೂ ಮುರಿಯಿತು. ಮನೆಯಲ್ಲಿ ಎಲ್ಲ ನೆಟ್ಟಗಿದ್ದುದರಿಂದ ಹೊರಗೆ ದುಡಿದರು ಅನ್ನುವ ಹಾಗಿಲ್ಲ.

1926ರಲ್ಲಿ ಮದ್ರಾಸ್ ಶಾಸನಸಭೆಯ ಚುನಾವಣೆಗೆ ನಿಂತು ಕೆಲವೇ ಮತಗಳಿಂದ ಸೋತರು. ಸೋತವರು ಮುಸುಕು ಹೊದ್ದು ಕೂರಲಿಲ್ಲ. ಮರುವರ್ಷವೇ ಶುರುವಾದ ಅಖಿಲ ಭಾರತ ಮಹಿಳಾ ಪರಿಷತ್ತಿನ ಕೆಲಸಕ್ಕೆ ಇಳಿದರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಮುಂಬಯಿಯ ಷೇರುಪೇಟೆಯೊಳಕ್ಕೇ ಹೋಗಿ ಉಪ್ಪಿನ ಪೊಟ್ಟಣ ಮಾರಿದರು. ಜೈಲೂ ಕಂಡರು.

ಸ್ವಾತಂತ್ರ್ಯ ಬಂತು. ಜೊತೆಯಲ್ಲಿ ಜೈಲಿಗೆ ಹೋದವರು ಮಂತ್ರಿಗಳಾದರು. ಈಕೆ ಅತ್ತ ತಿರುಗಲಿಲ್ಲ. ದೇಶ ಒಡೆದಾಗ ಮನೆಮಠ ಕಳೆದುಕೊಂಡು ಬಂದವರಿಗಾಗಿ ಸಹಕಾರ ಸಂಘ ಕಟ್ಟಿ, ದೆಹಲಿ ಹತ್ತಿರದ ಫರೀದಾಬಾದಿನಲ್ಲಿ ಅವರಿಗೊಂದು ಊರು ಎದ್ದು ನಿಲ್ಲುವಂತೆ ದುಡಿದರು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಅವರ ಪಾಲಿಗೆ ಬಂತು. ಆಗಲೂ ಮೇಜಿನ ಹಿಂದೆ ಕೂತು ಫೈಲು ನೋಡುತ್ತ ಉಳಿಯಲಿಲ್ಲ. ಕುಂಬಾರರ ಕೇರಿ, ನೇಕಾರರ ಮಗ್ಗ ಹುಡುಕಿಕೊಂಡು ಹೋದರು. ಶ್ರೀಕಾಳಹಸ್ತಿಯ ಕಲಂಕಾರಿ ಇಂದು ನಮ್ಮ ಸೀರೆ ಅಂಗಡಿಗಳಲ್ಲಿ ಸಿಗುತ್ತಿದ್ದರೆ ಅದರಲ್ಲಿ ಅವರ ಪಾಲು ದೊಡ್ಡದು.

ಇನ್ನೊಂದು ವಿಷಯ. ಅವರಿಗೆ ನಾಟಕದ ಹುಚ್ಚಿತ್ತು. ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ಬಣ್ಣ ಹಚ್ಚಬಾರದು ಅನ್ನುವ ಕಾಲದಲ್ಲೇ ಮೂಕಿ ಚಿತ್ರದಲ್ಲಿ ಅಭಿನಯಿಸಿದ್ದರು. ಎಷ್ಟು ಹೊಣೆ ಹೊತ್ತರೂ ಆ ಪ್ರೀತಿಯನ್ನು ಒಣಗಿಸಲಿಲ್ಲ. ನಾವೋ, ಸಂಘದ ಕೆಲಸ ಬಂತೆಂದರೆ ಮೊದಲು ಬಿಡೋದೇ ಸಂಗೀತದ ಪಾಠ!

1966ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು. 1986ರಲ್ಲಿ, ಎಂಬತ್ತು ದಾಟಿದ ಮೇಲೆ, ಆತ್ಮಕಥೆ ಹೊರಬಂತು. 1988ರಲ್ಲಿ ತೀರಿಕೊಂಡರು. ಒಂದು ಕೆಲಸ ತನ್ನ ಕಾಲ ಮೇಲೆ ನಿಂತಿತೆಂದರೆ ಇನ್ನೊಂದಕ್ಕೆ ಕೈ ಹಾಕುವ ಸ್ವಭಾವವೇ ಅವರನ್ನು ದಣಿಯದಂತೆ ಕಾಯ್ದಿತು ಅಂತ ನನಗನ್ನಿಸುತ್ತೆ.

ನಮ್ಮ ಸಂಘಗಳಲ್ಲಿ ಅಷ್ಟು ದೊಡ್ಡದೇನೂ ಬೇಡ. ಮುಂದಿನ ಸಭೆಯಲ್ಲಿ ಪಾಸ್‌ಪುಸ್ತಕ, ನಡಾವಳಿ ಪುಸ್ತಕ ಎರಡನ್ನೂ ಚಿಕ್ಕ ವಯಸ್ಸಿನ ಸದಸ್ಯೆಯೊಬ್ಬಳ ಕೈಗೆ ಕೊಟ್ಟು ನೋಡಿ. ಮೊದಲ ಸಲ ಕೂಡಿಸೋದು ತಪ್ಪೀತು. ಪಕ್ಕದಲ್ಲಿ ಕೂತು ಹೇಳಿಕೊಡಿ, ಪೆನ್ನು ಮಾತ್ರ ಕಿತ್ತುಕೊಳ್ಳಬೇಡಿ.