ಕಲ್ಲುಪುಡಿ ಎದೆಗಿಳಿದರೆ ಆಗುವುದೇನು? ನರ್ಸಿಂಗ್ ವಿದ್ಯಾರ್ಥಿಗಳಿಗೆ ಸಿಲಿಕೋಸಿಸ್ ಪಾಠ

ಪ್ಯಾಥೋಫಿಸಿಯಾಲಜಿ ಎಂದೊಡನೆ ನರ್ಸಿಂಗ್ ಓದುವ ಮಕ್ಕಳು ಬಾಯಿಪಾಠಕ್ಕೆ ಕೂರುತ್ತಾರೆ. ಅದರ ಅಗತ್ಯವಿಲ್ಲ. ರೋಗ ಬಂದಾಗ ದೇಹದೊಳಗೆ ಮೊದಲು ಏನು ಕೆಡುತ್ತದೆ, ಅದರಿಂದ ಮುಂದೆ ಏನು ಕೆಡುತ್ತದೆ ಎಂದು ಹೇಳುವ ಶಾಸ್ತ್ರ ಅದು. ಬಾಗಲಕೋಟೆ ಜಿಲ್ಲೆಯಲ್ಲಿ ಕಲಿಯುವವರು ಕಲ್ಲಿನ ಧೂಳಿನಿಂದ ಬರುವ ಶ್ವಾಸಕೋಶದ ರೋಗವಾದ ಸಿಲಿಕೋಸಿಸ್ ಒಂದನ್ನು ಚೆನ್ನಾಗಿ ಅರಿತರೆ ಈ ಸರಣಿ ಕೈಗೆ ಸಿಗುತ್ತದೆ. ಇಳಕಲ್, ಹುನಗುಂದ ಭಾಗದ ಗುಲಾಬಿ ಗ್ರಾನೈಟ್ ಹೊರದೇಶಗಳಲ್ಲೂ ಹೆಸರಾಗಿದೆ. ಬಾದಾಮಿಯ ಗುಡ್ಡಗಳದ್ದು ಮರಳುಗಲ್ಲು. ಎರಡರಲ್ಲೂ ಕ್ವಾರ್ಟ್ಜ್, ಅಂದರೆ ಸ್ಫಟಿಕರೂಪದ ಸಿಲಿಕಾ, ಧಾರಾಳವಾಗಿದೆ. ಮರಳುಗಲ್ಲಿನಲ್ಲಂತೂ ಬಹುಪಾಲು ಅದೇ.

ಕಲ್ಲು ಸುಮ್ಮನಿದ್ದರೆ ಅಪಾಯವಿಲ್ಲ. ಕೊರೆದಾಗ, ಕತ್ತರಿಸಿದಾಗ, ಒಣಗಿದ್ದಂತೆಯೇ ಉಜ್ಜಿದಾಗ ಪುಡಿ ಏಳುತ್ತದೆ. ಕಣ್ಣಿಗೆ ಕಾಣುವ ದಪ್ಪ ಧೂಳು ಮೂಗು, ಗಂಟಲಲ್ಲೇ ಸಿಕ್ಕಿ ಕಫದೊಡನೆ ಹೊರಬೀಳುತ್ತದೆ. ಕೆಡುಕು ಮಾಡುವುದು ಕಾಣದ ಧೂಳು. ಸುಮಾರು 5 ಮೈಕ್ರಾನ್‌ಗಿಂತ, ಅಂದರೆ ಒಂದು ಮಿಲಿಮೀಟರಿನ 200ನೇ ಭಾಗಕ್ಕಿಂತ ಸಣ್ಣ ಕಣಗಳು ನೇರವಾಗಿ ಆಲ್ವಿಯೋಲೈಗೆ ಇಳಿಯುತ್ತವೆ. ರಕ್ತಕ್ಕೆ ಆಮ್ಲಜನಕ ಸೇರುವ ಪುಟ್ಟ ಗಾಳಿಗೂಡುಗಳಿವು.

ಇಲ್ಲಿಂದ ಮುಂದಿನದನ್ನು ನಿಧಾನವಾಗಿ ಓದಿ. ಗಾಳಿಗೂಡುಗಳಲ್ಲಿ ಮ್ಯಾಕ್ರೋಫೇಜ್ ಎಂಬ ಕಾವಲು ಜೀವಕೋಶಗಳಿವೆ. ಒಳಬಂದ ರೋಗಾಣುವನ್ನೂ ಧೂಳನ್ನೂ ನುಂಗಿ ಕರಗಿಸುವುದು ಅವುಗಳ ಕೆಲಸ. ಸಿಲಿಕಾ ಕಣವನ್ನೂ ನುಂಗುತ್ತವೆ, ಆದರೆ ಅದು ಕರಗುವುದಿಲ್ಲ. ಜೀವಕೋಶದ ಒಳಗಿನ ಲೈಸೋಸೋಮ್ ಎಂಬ ಜೀರ್ಣಚೀಲವನ್ನೇ ಅದು ಹರಿಯುತ್ತದೆ. ಮ್ಯಾಕ್ರೋಫೇಜ್ ಉರಿಯೂತದ ಸಂಕೇತಗಳನ್ನು ಸುರಿಸಿ ಸಾಯುತ್ತದೆ. ಕಣ ಹೊರಬೀಳುತ್ತದೆ, ಮತ್ತೊಂದು ಮ್ಯಾಕ್ರೋಫೇಜ್ ಅದನ್ನು ನುಂಗುತ್ತದೆ, ಅದೂ ಸಾಯುತ್ತದೆ. ಈ ಸಂಕೇತಗಳಿಂದ ಎಚ್ಚೆತ್ತ ಫೈಬ್ರೋಬ್ಲಾಸ್ಟ್ ಜೀವಕೋಶಗಳು ಕೊಲಾಜನ್ ನಾರನ್ನು ಸುತ್ತುತ್ತಾ ಹೋಗುತ್ತವೆ. ಕೊನೆಗೆ ಗಟ್ಟಿ ಗಂಟುಗಳು ಉಳಿಯುತ್ತವೆ. ಎಕ್ಸ್-ರೇಯಲ್ಲಿ ಇವು ಸಣ್ಣ ಚುಕ್ಕೆಗಳಾಗಿ, ಹೆಚ್ಚಾಗಿ ಶ್ವಾಸಕೋಶದ ಮೇಲ್ಭಾಗದಲ್ಲಿ ಕಾಣುತ್ತವೆ.

ಕೆಲಸ ಬಿಟ್ಟರೆ ರೋಗ ನಿಲ್ಲುವುದಿಲ್ಲವೇ ಎಂದು ನೀವು ಕೇಳಬಹುದು. ಮೇಲಿನ ಸರಣಿಯಲ್ಲೇ ಉತ್ತರವಿದೆ. ಕಣ ಒಳಗೇ ಉಳಿದಿರುವುದರಿಂದ ಧೂಳು ಬಿಟ್ಟ ಮೇಲೂ ಗಂಟು ಬೆಳೆಯಬಲ್ಲದು. ಹಾಗಿದ್ದರೂ ಕೆಲಸ ಬಿಡಿಸಲೇಬೇಕು, ಹೊಸ ಧೂಳು ಸೇರಿದಷ್ಟೂ ಹಾನಿ ಬೇಗ ಬೆಳೆಯುತ್ತದೆ. ಸಾಮಾನ್ಯವಾಗಿ ರೋಗ ಹೊರಬೀಳಲು 10 ವರ್ಷಕ್ಕೂ ಹೆಚ್ಚು ಕಾಲ ಬೇಕು. ಧೂಳು ಹೆಚ್ಚಿದ್ದರೆ 5ರಿಂದ 10 ವರ್ಷ ಸಾಕು. ವಿಪರೀತ ಧೂಳಿನಲ್ಲಿ ಕೆಲವೇ ತಿಂಗಳುಗಳಲ್ಲಿ ಬಂದದ್ದೂ ಇದೆ.

ನಾರು ತುಂಬಿದ ಶ್ವಾಸಕೋಶ ಚರ್ಮ ಬಿರುಸಾದ ಕಮ್ಮಾರನ ತಿದಿಯಂತೆ ಹಿಗ್ಗಲು ಒಲ್ಲದು. ಆದ್ದರಿಂದ ರೋಗಿ ಆಸ್ಪತ್ರೆಗೆ ಬಂದು ಮೊದಲು ಹೇಳುವ ಮಾತು, "ಗುಡ್ಡಾ ಹತ್ತಿದ್ರ ದಮ್ಮ ಹತ್ತತೈತ್ರಿ ಅಕ್ಕಾರ." ಕುಳಿತಾಗ ಪಲ್ಸ್ ಆಕ್ಸಿಮೀಟರ್ 96 ತೋರಿಸಿದರೆ ಸಮಾಧಾನಪಟ್ಟು ಕಳಿಸಬೇಡಿ. ಕುಳಿತಾಗಲೇ ದಮ್ಮು ಇಲ್ಲದಿದ್ದರೆ ವಾರ್ಡಿನ ಉದ್ದಕ್ಕೂ ಜೊತೆಯಲ್ಲಿ ನಡೆಸಿ, ಮತ್ತೆ ಬೆರಳಿಗೆ ಹಾಕಿ ನೋಡಿ. ಅಂಕಿ ಇಳಿದರೆ ವೈದ್ಯರಿಗೆ ತಿಳಿಸಿ. ಕಾಲು ಬಾತಿದ್ದರೆ ಅದನ್ನೂ ಬರೆಯಿರಿ. ಗಟ್ಟಿಯಾದ ಶ್ವಾಸಕೋಶಕ್ಕೆ ರಕ್ತ ತಳ್ಳಿ ತಳ್ಳಿ ಹೃದಯದ ಬಲಭಾಗ ಸೋಲತೊಡಗಿರಬಹುದು.

ಇನ್ನು ಕ್ಷಯ. ಟಿಬಿ ರೋಗಾಣುವನ್ನು ಹಿಡಿದಿಡುವುದೂ ಇದೇ ಮ್ಯಾಕ್ರೋಫೇಜ್. ಅದೇ ಸತ್ತರೆ ಕಾಯುವವರು ಯಾರು? ಹಾಗಾಗಿ ಸಿಲಿಕೋಸಿಸ್ ಇದ್ದವರಿಗೆ ಟಿಬಿ ತಗಲುವ ಸಾಧ್ಯತೆ ಹಲವು ಪಟ್ಟು ಹೆಚ್ಚು. ಸಿಲಿಕೋಸಿಸ್ ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ, ಜೊತೆಗೆ ಬಂದ ಟಿಬಿ ಅಂಟುತ್ತದೆ. ಜ್ವರ, ತೂಕ ಇಳಿಕೆ, ಕಫದಲ್ಲಿ ರಕ್ತ ಕಂಡರೆ ಕಫ ಪರೀಕ್ಷೆ ಆಗಲೇಬೇಕು. ಎರಡು ಕಾಯಿಲೆಯೂ ಎಕ್ಸ್-ರೇಯಲ್ಲಿ ಹತ್ತಿರ ಹತ್ತಿರ ಕಾಣುವುದರಿಂದ, ಬರಿಯ ಧೂಳಿನ ರೋಗವಿದ್ದವರಿಗೆ ಟಿಬಿ ಗುಳಿಗೆ ನುಂಗಿಸುವ ತಪ್ಪೂ ಆಗುತ್ತದೆ.

ಗುಣವಾಗುವ ಔಷಧ ಇದೆಯೇ? ಇಲ್ಲ. ಆದ ನಾರು ಕರಗದು. ದಮ್ಮು ತಗ್ಗಿಸುವ ಔಷಧ, ಬೇಕಾದಾಗ ಆಮ್ಲಜನಕ, ಬೀಡಿ ಬಿಡಿಸುವುದು, ಸೋಂಕು ಬೇಗ ಹಿಡಿಯುವುದು, ಇಷ್ಟೇ ದಾರಿ. ತಡೆಯುವುದೇ ನಿಜವಾದ ಚಿಕಿತ್ಸೆ. ಕೊರೆಯುವಾಗ ನೀರು ಬಿಟ್ಟರೆ ಧೂಳು ಅಲ್ಲೇ ಕೂರುತ್ತದೆ. ಮೂಗಿಗೆ ಟವೆಲ್ ಕಟ್ಟಿದರೆ ಸಾಕೆಂದು ಬಹಳ ಜನ ನಂಬಿದ್ದಾರೆ. ಈ ಸಣ್ಣ ಕಣಗಳನ್ನು ಟವೆಲ್ ತಡೆಯದು. ಎನ್-95 ಅಥವಾ ಅದಕ್ಕಿಂತ ಒಳ್ಳೆಯ ಮಾಸ್ಕ್, ಮುಖಕ್ಕೆ ಬಿಗಿಯಾಗಿ ಕೂತಿರಬೇಕು.

ಖರ್ಚಿನ ವಿಚಾರ. ಸರಕಾರಿ ಆಸ್ಪತ್ರೆಗಳಲ್ಲಿ ಟಿಬಿಯ ಕಫ ಪರೀಕ್ಷೆ, ಔಷಧ ಎರಡೂ ಉಚಿತ. ಟಿಬಿ ಖಚಿತವಾದವರಿಗೆ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಆಹಾರಕ್ಕೆಂದು 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ. ಹಳ್ಳಿಯವರು ಮೊದಲು ಇಳಕಲ್, ಹುನಗುಂದ ಅಥವಾ ಬಾದಾಮಿಯ ಸರಕಾರಿ ಆಸ್ಪತ್ರೆಗೆ ಹೋಗಲಿ. ಹೆಚ್ಚಿನ ತಪಾಸಣೆಗೆ ಬಾಗಲಕೋಟೆ ನವನಗರದ ಜಿಲ್ಲಾ ಆಸ್ಪತ್ರೆ ಇದೆ, ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನ ಕುಮಾರೇಶ್ವರ ಆಸ್ಪತ್ರೆಯೂ ಇದೆ.

ಕೊನೆಯದಾಗಿ ನಿಮ್ಮ ಕೈಯಲ್ಲೇ ಇರುವ ಕೆಲಸ. ಏನು ಉದ್ಯೋಗ ಎಂದು ಕೇಳಿದರೆ ಬಹುತೇಕರು "ಕೂಲಿ ರೀ" ಎನ್ನುತ್ತಾರೆ. ಕೇಸ್ ಶೀಟಿನಲ್ಲಿ ಅಷ್ಟನ್ನೇ ಬರೆದರೆ ರೋಗದ ಮೂಲವೇ ಮುಚ್ಚಿಹೋಯಿತು. "ಕಾಕಾ, ಯಾವ ಕೂಲಿ? ಕ್ವಾರಿಯಾಗೋ, ಹೊಲದಾಗೋ? ಎಷ್ಟ ವರ್ಷ? ಮೊದಲ ಏನ್ ಮಾಡ್ತಿದ್ರಿ?" ಎಂದು ಕೇಳಿ. 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದಲೂ ಸಿಲಿಕೋಸಿಸ್ ವೈದ್ಯರು ಸರಕಾರಕ್ಕೆ ತಿಳಿಸಬೇಕಾದ ರೋಗ, ಪರಿಹಾರ ಕೇಳಲು ಅವಕಾಶವಿರುವ ಔದ್ಯೋಗಿಕ ರೋಗ ಕೂಡ. ಮುಂದೆ ಆ ಕುಟುಂಬ ಪರಿಹಾರಕ್ಕೆ ಅರ್ಜಿ ಹಾಕಿದಾಗ ನೀವು ಬರೆದಿಟ್ಟ ಆ ಎರಡು ಸಾಲು ದಾಖಲೆಯಾಗಿ ನಿಲ್ಲುತ್ತವೆ. ದಯವಿಟ್ಟು ಪೂರ್ತಿ ಬರೆಯಿರಿ.