ಪೋಸ್ಟರ್ ಕಾಟಕ್ಕೆ ಹುಟ್ಟಿದ ಚಿತ್ರಗಳು

ಬೆಂಗಳೂರಿನ ಕಾಂಪೌಂಡ್ ಗೋಡೆಗಳ ಮೇಲೆ ಹಂಪಿಯ ಕಲ್ಲಿನ ರಥ, ಜೋಗ, ಹುಲಿ, ಯಕ್ಷಗಾನದ ವೇಷ ಸಾಲುಗಟ್ಟಿದ್ದು 2009ರ ಸುಮಾರಿಗೆ. ಪಾಲಿಕೆಗೆ ಇದ್ದಕ್ಕಿದ್ದಂತೆ ಕಲೆಯ ಮೇಲೆ ಒಲವು ಉಕ್ಕಿತೆಂದೇನೂ ಅಲ್ಲ. ಬೇಕಿದ್ದುದು ಪೋಸ್ಟರ್‌ಗಳಿಂದ ಬಿಡುಗಡೆ. ಗೋಡೆ ಕೆಡಿಸಬಾರದೆಂಬ ಕಾಯ್ದೆ 1981ರಿಂದಲೇ ಇತ್ತು. ಅಂಟಿನ ಬಕೆಟ್ ಹಿಡಿದು ರಾತ್ರಿ ಹೊರಡುವವರು ಅದಕ್ಕೆ ಸೊಪ್ಪು ಹಾಕಿರಲಿಲ್ಲ. ಚಿತ್ರವಿದ್ದರೆ ಅಂಟಿಸುವ ಕೈ ಹಿಂಜರಿದೀತು ಎಂಬುದು ಲೆಕ್ಕಾಚಾರ. ಮೂತ್ರ ಮಾಡದಿರಲೆಂದು ದೇವರ ಟೈಲ್ಸ್ ಹಚ್ಚುವ ಊರಿಗೆ ಇದೇನು ಹೊಸ ಉಪಾಯವಲ್ಲ ಬಿಡಿ.

ಬರೆಯುವ ಕೈಗಳು ಖಾಲಿ ಕೂತಿದ್ದವು. ಕೆ.ಜಿ. ರಸ್ತೆಯ ಥಿಯೇಟರ್‌ಗಳ ಮುಂದೆ ರಾಜ್‌ಕುಮಾರ್, ವಿಷ್ಣುವರ್ಧನ್‌ರನ್ನು ಮುಗಿಲೆತ್ತರ ನಿಲ್ಲಿಸುತ್ತಿದ್ದ ಬ್ಯಾನರ್, ಕಟೌಟ್ ಕಲಾವಿದರವು. ಅಂಗೈಯಗಲದ ಫೋಟೊ ಮೇಲೆ ಚೌಕ ಚೌಕವಾಗಿ ಗೀಟೆಳೆದು, ಅದನ್ನೇ ಬಟ್ಟೆಯ ಮೇಲೆ ಹಿಗ್ಗಿಸಿ, ಒಂದೊಂದೇ ಚೌಕ ತುಂಬುವುದು ಅವರ ಪಟ್ಟು. ಹತ್ತಿರ ನಿಂತರೆ ಬರೀ ಬಣ್ಣದ ಪಟ್ಟೆ. ರಸ್ತೆ ದಾಟಿ ತಿರುಗಿ ನೋಡಿದರೆ ನಾಯಕನ ಕಣ್ಣು. ಫ್ಲೆಕ್ಸ್ ಯಂತ್ರ ಬಂದದ್ದೇ ತಡ, ದಿನಗಟ್ಟಲೆಯ ಆ ಕೆಲಸ ಗಂಟೆಗಳಿಗಿಳಿಯಿತು, ಕುಂಚ ಮೂಲೆ ಸೇರಿತು. ಅದೇ ಕುಂಚಗಳು ಗೋಡೆಗೆ ಬಂದವು. ಹುಲಿಯ ನೋಟದಲ್ಲೂ ಒಂಚೂರು ಖಳನಾಯಕ ಇಣುಕುವುದು ಅದಕ್ಕೇ.

‘ಕ್ಯಾಲೆಂಡರ್ ಕಲೆ’ ಎಂದು ಮೂಗು ಮುರಿದವರುಂಟು. ನನಗೆ ಆ ತಕರಾರಿಲ್ಲ. ಬಿಸಿಲು, ಹೊಗೆಗೆ ಬಾಳಿ, ಓಡುವ ಬಸ್ಸಿನಲ್ಲಿದ್ದವರಿಗೂ ದಕ್ಕುವಂತೆ ಬರೆಯುವುದು ಸಣ್ಣ ವಿದ್ಯೆಯಲ್ಲ. ಕೊರತೆಯಿದ್ದುದು ವಸ್ತುವಿನಲ್ಲಿ. ಪ್ರವಾಸೋದ್ಯಮದ ಜಾಹೀರಾತಿನಲ್ಲಿ ಇರುವುದೆಲ್ಲ ಗೋಡೆಗೆ ಬಂತು. ಆ ಗೋಡೆ ನಿಂತ ಬೀದಿ, ಅಲ್ಲಿ ಓಡಾಡುವ ಜನ ಬರಲಿಲ್ಲ.

ಬೀದಿ ಕಲೆಯೊಳಗೆ ಬಂದದ್ದು ಪಾಲಿಕೆಯ ಅಪ್ಪಣೆಯಿಲ್ಲದೆ. ಮೈಸೂರಿನ ಕಾವಾ ಕಲಾಶಾಲೆಯಲ್ಲಿ ಕಲಿತ ಕಲಾವಿದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯೊಂದಕ್ಕೆ ಫೈಬರ್ ಮೊಸಳೆ ಬಿಟ್ಟರು. ಅದರ ಫೋಟೊ ದೇಶವೆಲ್ಲ ಸುತ್ತಿತು; ಗುಂಡಿ ಬೇಗನೆ ಮುಚ್ಚಿಹೋಯಿತು. ಒಂದೂ ಟೆಂಡರ್ ಕರೆಯದೆ ನಗರಕ್ಕೆ ಸಿಕ್ಕ ಕಲಾಕೃತಿ ಅದು.

ಮರುವರ್ಷ ಜನರೂ ಬಂದರು: ಪೂರ್ಣಿಮಾ ಸುಕುಮಾರ್ ‘ಅರವಾನಿ ಆರ್ಟ್ ಪ್ರಾಜೆಕ್ಟ್’ ಆರಂಭಿಸಿದರು. ಟ್ರಾನ್ಸ್ ಮಹಿಳೆಯರು ಉಳಿದವರ ಜೊತೆ ಸೇರಿ ಕೆ.ಆರ್. ಮಾರುಕಟ್ಟೆಯಂಥ ಜನನಿಬಿಡ ಜಾಗದಲ್ಲಿ ಏಣಿ ಹತ್ತಿದರು. ಸಿಗ್ನಲ್‌ನಲ್ಲಿ ಅವರನ್ನು ಕಂಡು ಕಾರಿನ ಗಾಜು ಏರಿಸಿಕೊಳ್ಳುವವರಿಗೂ ಕಾಣುವಷ್ಟು ದೊಡ್ಡದಾಗಿ ಮುಖಗಳನ್ನು ಬರೆದರು. ಇಲ್ಲಿ ಬಣ್ಣದ ಡಬ್ಬಿ ತೆರೆಯುವುದಕ್ಕೆ ಮುಂಚೆ ಮಾತುಕತೆ ನಡೆಯುತ್ತದೆ: ಯಾರ ಕಥೆ, ಯಾರ ಮುಖ, ಯಾವ ಗೋಡೆ.